ಅಭ್ಯಾಸವೂ ವೇಗವೂ

ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಇಪ್ಪತ್ತುನಾಲ್ಕು ಗುಣಗಳ ಎಣಿಕೆಯಲ್ಲಿ ಎಲ್ಲಕ್ಕೂ ಕಡೆಗೆ ಬರುವ ‘ಸಂಸ್ಕಾರ’ವೆಂಬ ಗುಣವು ನೆನಪಿರಬಹುದು. ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಅದನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಬಿಟ್ಟ ಬಾಣವು ಮುಂದೆ ಮುಂದೆ ಸಾಗುವದು ವೇಗದಿಂದ. ಒಮ್ಮೆ ಅನುಭವಿಸಿದ್ದು ಕಾಲಾಂತರದಲ್ಲಿ ನೆನಪಿಗೆ ಬರುವದು ಭಾವನೆಯಿಂದ. ಬಗ್ಗಿಸಿ ಬಿಟ್ಟ ಟೊಂಗೆಯು ಮೊದಲಿನ ಸ್ಥಿತಿಗೆ ಮರಳುವದು ಸ್ಥಿತಿಸ್ಥಾಪಕದಿಂದ. ಬಾಣದ ಓಟಕ್ಕೂ ಮನಸ್ಸಿನ ನೆನಪಿಗೂ ಏನು ಸಂಬಂಧ, ಇವೆರಡನ್ನು ಒಂದೇ ಹೆಸರಿನ ಕೆಳಗೆ ಯಾಕೆ ಕೂಡಿಸಿದರು ಎಂದು ಕಂಠಪಾಠ ಮಾಡುವ ಹುಡುಗರು ಕೇಳುವದಿಲ್ಲ. ಕಲಿಸುವವರೂ ಬಹುಶಃ ಹೇಳುವದಿಲ್ಲ. ಆದರೆ ಮನುಷ್ಯನು ಓಡುವದನ್ನು ನೋಡಿದರೆ ಈ ಮೂರೂ ಒಂದೇ ದೇಹದಲ್ಲಿ ಕೂಡಿ ಕೆಲಸ ಮಾಡುವದು ಕಾಣುತ್ತದೆ. ಹಿಮ್ಮಡಿಯ ಮೇಲಿನ ದಪ್ಪನಾದ ನರವು ಪ್ರತಿ ಹೆಜ್ಜೆಗೂ ಹಿಗ್ಗಿ, ಮರಳಿ ಕುಗ್ಗಿ, ದೇಹವನ್ನು ಮುಂದಕ್ಕೆ ಚಿಮ್ಮಿಸುವದು ಸ್ಥಿತಿಸ್ಥಾಪಕವೇ ಸರಿ. ನಿನ್ನೆಯ ಓಟವನ್ನು ಇಂದಿನ ದೇಹವು ಮರೆಯದಿರುವದು ಒಂದು ತರದ ಭಾವನೆ. ಇವೆರಡರ ಪರಿಪಾಕವೇ ವೇಗವು. ಶಾಸ್ತ್ರಕಾರರು ಭಾವನೆಯನ್ನು ಆತ್ಮದಲ್ಲಿ ಮಾತ್ರ ಒಪ್ಪುವರು, ದೇಹದಲ್ಲಿ ಒಪ್ಪುವದಿಲ್ಲವೆಂಬುದನ್ನು ನಾನು ಬಲ್ಲೆನು. ಪಂಡಿತರು ಈ ಸ್ವಾತಂತ್ರ್ಯವನ್ನು ಕ್ಷಮಿಸಬೇಕು.

ಹೀಗಿರಲು, ಅಭ್ಯಾಸದಿಂದ ಬಂದ ವೇಗವು ಯಾರದು, ಯಾತಕ್ಕಾಗಿ, ಮತ್ತು ಅದು ಕೊಡಬೇಕಾದ ಫಲವನ್ನು ಕೊಡದೆ ಹೋದರೆ ಅದಕ್ಕೆ ಬೆಲೆಯುಂಟೇ ಇಲ್ಲವೇ ಎಂಬದು ಕೇವಲ ಪಾಠಶಾಲೆಯ ಪ್ರಶ್ನೆಯಲ್ಲ. ನಮ್ಮ ತಂಬೂರಿನಲ್ಲಿ ಇದನ್ನು ಪ್ರತಿನಿತ್ಯವೂ ನಸುಕಿನಲ್ಲಿ ಕಾಣಬಹುದು. ಬಸವಣ್ಣನ ಗುಡಿಯ ಗಂಟೆಯಾಗುವ ಮೊದಲೇ, ದೇವಿಕೊಪ್ಪದ ಕಾಡಿನ ಕಡೆಯಿಂದ ಮಂಜು ಇನ್ನೂ ಇಳಿಯುತ್ತಿರುವಾಗ, ಹತ್ತೆಂಟು ಮಂದಿ ಹುಡುಗರು ರಸ್ತೆಯ ಮೇಲೆ ಕಿಲೋಮೀಟರಿನ ಕಲ್ಲಿನಿಂದ ಕಲ್ಲಿಗೆ ಓಡುತ್ತಿರುವರು. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಯಾವ ಹಳ್ಳಿಗೆ ಹೋದರೂ ಇದೇ ನೋಟವು. ಇವರು ಆರೋಗ್ಯಕ್ಕಾಗಿ ಓಡುವವರಲ್ಲ, ಕೀರ್ತಿಗಾಗಿಯೂ ಅಲ್ಲ. ದಂಡಿನ ಭರ್ತಿಗಾಗಿ, ಪೋಲೀಸು ಭರ್ತಿಗಾಗಿ ಓಡುವವರು. ಎರಡೆಕರೆ ಹೊಲವು ಮೂವರು ಅಣ್ಣತಮ್ಮಂದಿರಿಗೆ ಹಂಚಿಕೆಯಾಗುವ ಮನೆಯಲ್ಲಿ ಒಂದು ಸರಕಾರಿ ಸಂಬಳವೆಂದರೆ ಏನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾದದ್ದಿಲ್ಲ.

ಲೆಕ್ಕವನ್ನು ಮೊದಲು ನೋಡೋಣ; ಯಾಕಂದರೆ ಈ ಧರ್ಮಪ್ರಶ್ನೆಯ ಬೇರು ಲೆಕ್ಕದಲ್ಲಿಯೇ ಇರುವದು. ನಮ್ಮ ರಾಜ್ಯದ ಪೋಲೀಸು ಶಿಪಾಯಿಯ ಭರ್ತಿಯಲ್ಲಿ ಗಂಡುಮಕ್ಕಳು ೧,೬೦೦ ಮೀಟರುಗಳನ್ನು ೬ ನಿಮಿಷ ೩೦ ಸೆಕೆಂಡಿನೊಳಗೆ ಓಡಬೇಕೆಂಬ ನಿಯಮವಿದೆ. ೨೦೨೨ರಲ್ಲಿ ಅಗ್ನಿಪಥ ಯೋಜನೆಯು ಬಂದಾಗ ದಂಡಿನವರು ಅಷ್ಟೇ ದೂರಕ್ಕೆ ಇಟ್ಟ ಗಡುವು ಇನ್ನೂ ಬಿಗಿಯಾದದ್ದು: ೫ ನಿಮಿಷ ೩೦ ಸೆಕೆಂಡಿನೊಳಗೆ ಮುಗಿಸಿದವನಿಗೆ ೬೦ ಅಂಕಗಳು, ೫ ನಿಮಿಷ ೪೫ ಸೆಕೆಂಡಿನೊಳಗೆ ಮುಗಿಸಿದವನಿಗೆ ೪೮ ಅಂಕಗಳು; ಅದರಾಚೆಗೆ ಬಂದವನು ಮನೆಯ ಹಾದಿ ಹಿಡಿಯಬೇಕು. ನಾಲ್ಕುನೂರು ಮೀಟರಿನ ಬಯಲನ್ನು ನಾಲ್ಕು ಸುತ್ತು ಓಡುವದೆಂದು ಎಣಿಸಿದರೆ, ಮೊದಲನೆಯ ವರ್ಗದವನಿಗೆ ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು, ಎರಡನೆಯವನಿಗೆ ಎಂಬತ್ತಾರಕ್ಕೆ ಕಾಲು ಸೆಕೆಂಡು ಹೆಚ್ಚು. ಸುತ್ತೊಂದಕ್ಕೆ ನಾಲ್ಕು ಸೆಕೆಂಡು ಸಹ ಇಲ್ಲದ ಈ ಅಂತರದಲ್ಲಿ ಹನ್ನೆರಡು ಅಂಕಗಳು ಹೋಗುವವು. ಕಣ್ಣು ಮುಚ್ಚಿ ತೆರೆದು, ಒಂದು ಸಲ ಉಸಿರು ಬಿಡುವಷ್ಟು ಹೊತ್ತು!

ಆದರೂ ಹುಡುಗರಿಗೆ ಗಡಿಯಾರದ ಮೇಲೆ ದ್ವೇಷವಿಲ್ಲ, ವಿಶ್ವಾಸವಿದೆ. ಇದು ನನಗೆ ಮೊದಲು ಸೋಜಿಗವೆನಿಸಿತು, ವಿಚಾರಿಸಿದಂತೆ ಸಹಜವೆನಿಸಿತು. ಗಡಿಯಾರವು ಜಾತಿಯನ್ನು ಕೇಳುವದಿಲ್ಲ, ತಂದೆಯ ಹೆಸರನ್ನು ಕೇಳುವದಿಲ್ಲ, ದೊಡ್ಡವರ ಶಿಫಾರಸು ಪತ್ರವನ್ನು ಓದುವದಿಲ್ಲ. ಹಳ್ಳಿಯ ಬಡ ಹುಡುಗನು ತನ್ನ ಆಯುಷ್ಯದಲ್ಲಿ ಎದುರಿಸುವ ತೂಕಗಳಲ್ಲಿ ಇಷ್ಟು ನಿಷ್ಪಕ್ಷಪಾತವಾದದ್ದು ಮತ್ತೊಂದಿಲ್ಲ. ಆದಕಾರಣ ಅವನು ಅದರ ಮುಂದೆ ಸಂತೋಷದಿಂದ ನಿಲ್ಲುವನು.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಓಡಿದ ಕಾಲವು ನಿಸರ್ಗದ್ದು. ಗಡುವಿನ ಗೆರೆಯು ಮನುಷ್ಯರದು. ೨೦೨೫ರ ಭರ್ತಿಯಲ್ಲಿ ದಂಡಿನವರೇ ಈ ಗೆರೆಯನ್ನು ೬ ನಿಮಿಷ ೧೫ ಸೆಕೆಂಡಿನ ವರೆಗೆ ಸರಿಸಿದರು. ತಡವಾದಂತೆ ಅಂಕಗಳು ಇಳಿಯುವವೇ ಹೊರತು ಓಡಿದವನು ಒಮ್ಮೆಲೆ ಹೊರಬೀಳುವದಿಲ್ಲ. ಹಾಗಾದರೆ ಹಿಂದಿನ ವರ್ಷ ೫ ನಿಮಿಷ ೫೦ ಸೆಕೆಂಡಿಗೆ ಬಂದು ‘ನಾಲಾಯಕ’ನೆನಿಸಿಕೊಂಡು ತಲೆ ತಗ್ಗಿಸಿಕೊಂಡು ಮನೆಗೆ ಬಂದ ಹುಡುಗನಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅವನ ಎದೆಯೂ ಕಾಲುಗಳೂ ಅವೇ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತಮಾತ್ರವೆಂದು ನೈಯಾಯಿಕರು ಹೇಳುವಂತೆ, ೫ ನಿಮಿಷ ೪೫ ಸೆಕೆಂಡಿಗೂ ಲಾಯಕತನಕ್ಕೂ ಇರುವ ಸಂಬಂಧವು ಸಂಕೇತಮಾತ್ರವೇ. ಸಾವಿರಾರು ಮಂದಿಯಲ್ಲಿ ಕೆಲವರನ್ನು ಆರಿಸಬೇಕಾದವರಿಗೆ ಗೆರೆಯು ಬೇಕು, ನಿಜ. ಆದರೆ ಗೆರೆಯ ಈಚೆಗೆ ನಿಂತವನ ತಾಯಿತಂದೆಗಳೂ ನೆರೆಹೊರೆಯವರೂ ಅದನ್ನು ಬ್ರಹ್ಮಲಿಪಿಯೆಂದು ಓದುವದು ಅನ್ಯಾಯವು.

ಇನ್ನು ವೇಗವು ಹೇಗೆ ಬರುವದೆಂಬ ವಿಚಾರ. ನಮ್ಮ ಹುಡುಗರು ಸಾಮಾನ್ಯವಾಗಿ ಅನುಸರಿಸುವ ಪದ್ಧತಿಯು ಒಂದೇ: ಪ್ರತಿದಿನವೂ ಇದ್ದಷ್ಟು ಶಕ್ತಿಯನ್ನೆಲ್ಲ ಸುರಿದು ಓಡುವದು, ನಾಳೆ ಇನ್ನೂ ಜೋರಾಗಿ ಓಡುವದು. ಮೊದಲನೆಯ ಸುತ್ತನ್ನು ಎಪ್ಪತ್ತು ಸೆಕೆಂಡಿನಲ್ಲಿ ಮುಗಿಸಿ, ಮೂರನೆಯ ಸುತ್ತಿನಲ್ಲಿ ಬಾಯಿ ಬಿಟ್ಟುಕೊಂಡು, ನಾಲ್ಕನೆಯದರಲ್ಲಿ ನಡೆಯುವವರೇ ಹೆಚ್ಚು. ಫಿನ್ಲಂಡ ದೇಶದ ಪಾವೊ ನುರ್ಮಿಯೆಂಬ ಪ್ರಸಿದ್ಧ ಓಟಗಾರನು ಸುಮಾರು ನೂರು ವರ್ಷಗಳ ಹಿಂದೆ ಕೈಯಲ್ಲಿ ಗಡಿಯಾರವನ್ನು ಹಿಡಿದುಕೊಂಡೇ ಓಡುತ್ತಿದ್ದನು. ನೋಡಿದವರು ಅವನನ್ನು ಯಂತ್ರವೆಂದರು. ಅವನು ಗಡಿಯಾರ ಹಿಡಿದದ್ದು ಎದುರಾಳಿಯನ್ನು ಸೋಲಿಸಲಿಕ್ಕೆ ಎಂಬುದಕ್ಕಿಂತ ತನ್ನ ಆತುರವನ್ನು ಕಟ್ಟಿಹಾಕಲಿಕ್ಕೆ ಎಂದು ನನಗೆ ತೋರುವದು. ಪ್ರತಿ ಸುತ್ತನ್ನೂ ಒಂದೇ ಸಮನಾಗಿ ಓಡುವವನು ಮೊದಲ ಸುತ್ತಿನಲ್ಲಿ ಮೂರ್ಖನಂತೆ ಹಿಂದೆ ಬೀಳಲು ಸಿದ್ಧನಿರಬೇಕಾಗುವದು. ಹದಿನೆಂಟು ವರ್ಷದವನಿಗೆ ಇದಕ್ಕಿಂತ ಕಠಿಣವಾದ ತಪಸ್ಸು ಬೇರೆ ಯಾವದಿದೆ?

ಅಭ್ಯಾಸದ ಪ್ರಮಾಣದ ಬಗ್ಗೆ ನಮ್ಮ ವೈದ್ಯಗ್ರಂಥಗಳು ಹೇಳಿದ ಮಾತು ಈಗಿನ ಪಾಶ್ಚಾತ್ಯ ಪಂಡಿತರ ಮಾತಿಗೆ ಎಷ್ಟು ಸಮೀಪವಾಗಿರುವದೆಂಬುದನ್ನು ನೋಡಿದರೆ ಸಂತೋಷವಾಗುವದು. ಸುಶ್ರುತನು ವ್ಯಾಯಾಮವನ್ನು ಪ್ರತಿದಿನವೂ ಮಾಡಬೇಕು, ಆದರೆ ಶಕ್ತಿಯ ಅರ್ಧದಷ್ಟು ಮಾತ್ರ ಎನ್ನುವನು. ಅರ್ಧಶಕ್ತಿಯನ್ನು ತಿಳಿಯುವದು ಹೇಗೆಂದರೆ, ಎದೆಯಲ್ಲಿದ್ದ ಉಸಿರು ಬಾಯಿಗೆ ಬಂದಾಗ, ಅಂದರೆ ಬಾಯಿಂದ ಉಸಿರಾಡುವ ಪ್ರಸಂಗವು ಬಂದಾಗ, ಅರ್ಧವು ಮುಗಿಯಿತೆಂದು ತಿಳಿಯಬೇಕು. ವಾಗ್ಭಟನೂ ಅರ್ಧಶಕ್ತಿಯನ್ನೇ ಹೇಳಿ, ಅದೂ ಚಳಿಗಾಲ ವಸಂತಗಳಲ್ಲಿ, ಬಲವುಳ್ಳವರಿಗೆ ಮಾತ್ರ ಎಂದು ಕಟ್ಟು ಹಾಕಿ, ಮಿತಿ ಮೀರಿದವನಿಗೆ ಆನೆಯನ್ನು ಎಳೆಯಹೋದ ಸಿಂಹದ ದೃಷ್ಟಾಂತವನ್ನು ಕೊಡುವನು. ಈಗಿನವರಲ್ಲಿ ಸ್ಟೀಫನ್ ಸೈಲರನೆಂಬ ಪಂಡಿತನು ದೂರದ ಓಟ, ಸೈಕಲ್ಲು, ದೋಣಿಗಳಲ್ಲಿ ಮೇಲ್ಮಟ್ಟಕ್ಕೇರಿದವರ ಅಭ್ಯಾಸಗಳನ್ನು ಪರೀಕ್ಷಿಸಿ, ಅವರ ಹತ್ತು ದಿನಗಳ ಅಭ್ಯಾಸದಲ್ಲಿ ಸುಮಾರು ಎಂಟು ಪಾಲು ಸರಾಗವಾಗಿ ಮಾತನಾಡುತ್ತ ಓಡುವಷ್ಟು ನಿಧಾನವಾದದ್ದೆಂದೂ, ಎರಡು ಪಾಲು ಮಾತ್ರ ಕಠಿಣವಾದದ್ದೆಂದೂ ತೋರಿಸಿರುವನು. ನ್ಯೂಝೀಲಂಡಿನ ಆರ್ಥರ್ ಲಿಡಿಯಾರ್ಡನು ಇದನ್ನು ಅವನಿಗಿಂತ ಮೊದಲೇ ಅನುಭವದಿಂದ ಕಂಡುಕೊಂಡಿದ್ದನು. ಎಂಟುನೂರು ಮೀಟರಿನ ಓಟದಲ್ಲಿ ೧೯೬೦ರಲ್ಲಿಯೂ ೧೯೬೪ರಲ್ಲಿಯೂ ಒಲಿಂಪಿಕ್ಕಿನ ಬಂಗಾರವನ್ನು ಗೆದ್ದ ಅವನ ಶಿಷ್ಯ ಪೀಟರ್ ಸ್ನೆಲ್ಲನು ಎರಡು ನಿಮಿಷದೊಳಗೆ ಮುಗಿಯುವ ಆ ಸ್ಪರ್ಧೆಗಾಗಿ ವಾರಕ್ಕೆ ನೂರು ಮೈಲಿಗಳನ್ನು ಓಡುತ್ತಿದ್ದನು. ಬೇಗ ಓಡಬೇಕಾದವನು ಬಹಳ ದಿನ ನಿಧಾನವಾಗಿ ಓಡಬೇಕೆಂಬುದು ಮೇಲ್ನೋಟಕ್ಕೆ ವದತೋವ್ಯಾಘಾತದಂತೆ ಕಂಡರೂ ಅನುಭವಸಿದ್ಧವಾದದ್ದು.

ಇದರ ಕಾರಣವನ್ನು ನಾನು ಮೀಮಾಂಸಕರ ಭಾಷೆಯಲ್ಲಿಯೇ ಹೇಳುವೆನು. ಇಂದು ಮಾಡಿದ ಯಜ್ಞವು ಇಂದೇ ಮುಗಿದುಹೋಗುವದು. ಫಲವಾದರೋ ಎಷ್ಟೋ ಕಾಲದ ಮೇಲೆ ಬರುವದು. ನಡುವೆ ಅವೆರಡನ್ನು ಕೂಡಿಸುವದು ಯಾವದು? ಕಣ್ಣಿಗೆ ಕಾಣದ ‘ಅಪೂರ್ವ’ವೆಂಬ ಶಕ್ತಿಯು ಕರ್ತೃವಿನಲ್ಲಿ ಹುಟ್ಟಿ, ಫಲವಾಗುವ ವರೆಗೆ ನಿಲ್ಲುವದೆಂದು ಅವರು ಕಲ್ಪಿಸಿದರು. ಸ್ವರ್ಗದ ವಿಷಯದಲ್ಲಿ ಇದನ್ನು ನಂಬುವದು ಬಿಡುವದು ಅವರವರ ಇಚ್ಛೆ. ಓಟದ ವಿಷಯದಲ್ಲಿ ಮಾತ್ರ ಇದು ಅಕ್ಷರಶಃ ಸತ್ಯವು. ಇಂದಿನ ಓಟವು ಇಂದು ದೇಹವನ್ನು ದಣಿಸುವದೇ ಹೊರತು ಬಲಗೊಳಿಸುವದಿಲ್ಲ. ಆ ರಾತ್ರಿಯ ನಿದ್ರೆಯಲ್ಲಿ, ಮರುದಿನದ ವಿಶ್ರಾಂತಿಯಲ್ಲಿ, ಮುಂದಿನ ವಾರಗಳಲ್ಲಿ, ಒಳಗೆ ಕೆಲಸವು ನಡೆಯುವದು: ಹೃದಯವು ಒಂದೊಂದು ಬಡಿತಕ್ಕೆ ಹಿಂದಿಗಿಂತ ಹೆಚ್ಚು ರಕ್ತವನ್ನು ನೂಕಲು ಕಲಿಯುವದು, ಕಾಲಿನ ಮಾಂಸಖಂಡಗಳಲ್ಲಿ ಕೂದಲಿಗಿಂತ ಸಣ್ಣವಾದ ರಕ್ತನಾಳಗಳು ಹೊಸದಾಗಿ ಕವಲೊಡೆಯುವವು, ಖಂಡದ ಕಣಗಳೊಳಗೆ ಪ್ರಾಣವಾಯುವಿನಿಂದ ಶಕ್ತಿಯನ್ನು ಮಾಡುವ ಸಣ್ಣ ಸಣ್ಣ ಒಲೆಗಳು ಹೆಚ್ಚುವವು. ಉಸಿರಿನ ಬಲವು ಕೆಲವು ವಾರಗಳಲ್ಲಿ ಬರುವದು. ಎಲುಬೂ ನರವೂ ಗಟ್ಟಿಯಾಗಲಿಕ್ಕೆ ತಿಂಗಳುಗಳೇ ಬೇಕು. ಈ ಅಂತರವನ್ನು ಅರಿಯದ ಹುಡುಗನು, ಉಸಿರು ಸಾಗುತ್ತದೆಯೆಂದು ಹುರುಪಿನಿಂದ ಓಡಿ, ಮೊಣಕಾಲಿನ ಕೆಳಗಿನ ಎಲುಬಿನ ನೋವನ್ನು ತಂದುಕೊಂಡು, ಭರ್ತಿಯ ದಿನ ಕುಂಟುವನು. ಪತಂಜಲಿಯು ಅಭ್ಯಾಸವು ಭದ್ರವಾಗಬೇಕಾದರೆ ಬಹುಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು ಎಂದು ಮೂರು ಮಾತುಗಳನ್ನು ಹೇಳಿರುವನು. ಮೊದಲೆರಡನ್ನು ನಮ್ಮ ಹುಡುಗರು ಬಲ್ಲರು. ಮೂರನೆಯದು ಬೇಕಲ್ಲ! ತನ್ನ ದೇಹದ ಬಗ್ಗೆ ಆದರವಿಲ್ಲದವನು ಅದನ್ನು ಬಾಡಿಗೆಯ ಎತ್ತಿನಂತೆ ಹೊಡೆಯುವನು. ಖಾಲಿ ಗಾಡಿಯ ಓಟಕ್ಕೆ ಎತ್ತುಗಳನ್ನು ಸಾಕುವ ನಮ್ಮ ಕಡೆಯ ರೈತನಾದರೋ ಸ್ವಂತದ ಎತ್ತನ್ನು ಹಾಗೆ ಮಾಡುವದಿಲ್ಲ. ನಿತ್ಯವೂ ಜೋರಾಗಿ ಓಡಿಸುವದಿಲ್ಲ. ನಡೆಸುವನು, ಮೈ ತಿಕ್ಕುವನು, ಮೇವು ನೋಡುವನು, ಕಟ್ಟಿ ನಿಲ್ಲಿಸುವನು. ಅದೇ ರೈತನ ಮಗನು ತನ್ನನ್ನು ಎತ್ತಿನಷ್ಟು ಸಹ ನೋಡಿಕೊಳ್ಳುವದಿಲ್ಲ.

ಹೀಗೆಂದು ಅವನನ್ನೇ ಬೈದು ಬಿಡುವಂತಿಲ್ಲ. ಗಡಿಯಾರದ ನಿಷ್ಪಕ್ಷಪಾತವು ಓಟದ ಗೆರೆಯಿಂದ ಗೆರೆಯ ವರೆಗೆ ಮಾತ್ರ ಇರುವದು. ಅದಕ್ಕೆ ಮೊದಲಿನದು ಅದಕ್ಕೆ ಕಾಣುವದಿಲ್ಲ. ಧಾರವಾಡದಲ್ಲಿ ಕೋಣೆ ಹಿಡಿದು, ಹಣ ಕೊಟ್ಟು, ತರಬೇತಿಯ ಶಾಲೆಯಲ್ಲಿದ್ದುಕೊಂಡು ಓಡುವವನು ಓಡಿ ಬಂದು ಮಲಗುವನು. ನಮ್ಮ ಊರಿನವನು ಓಡಿ ಬಂದು ಸೋಯಾಬೀನಿನ ಚೀಲ ಹೊರಲಿಕ್ಕೆ ಹೋಗುವನು. ಬೆಳಗಿನ ಓಟಕ್ಕೆ ನಿಂತಾಗಲೇ ಅವನ ಅರ್ಧಶಕ್ತಿಯು ನಿನ್ನೆಯ ಕೂಲಿಯಲ್ಲಿ ವೆಚ್ಚವಾಗಿರುವದು. ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಾಗ ಸಮಾನತೆಯು ಕಣ್ಣಿಗೆ ಕಾಣುವದು. ಆದರೆ ಅವರಲ್ಲಿ ಭೇದವಿರುವದು ಓಟದಲ್ಲಲ್ಲ, ವಿಶ್ರಾಂತಿಯಲ್ಲಿ. ಬಡವರಿಗೆ ದುಡಿಮೆಯು ಯಾವಾಗಲೂ ಸಿಕ್ಕಿದೆ, ಸಿಕ್ಕದ್ದು ವಿರಾಮವು. ಇದನ್ನು ಬಲ್ಲ ತಾಯಿತಂದೆಗಳು ಭರ್ತಿಗೆ ಮೊದಲಿನ ಎರಡು ತಿಂಗಳಾದರೂ ಮಗನಿಗೆ ವಾರದಲ್ಲಿ ಎರಡು ದಿನ ಭಾರದ ಕೆಲಸವನ್ನು ಹೇಳದೆ ಇದ್ದರೆ, ಹಾಲುಮೊಟ್ಟೆಗಳಿಗೆ ಸಾಲ ಮಾಡುವದಕ್ಕಿಂತ ಹೆಚ್ಚಿನ ಉಪಕಾರವಾಗುವದು.

ಹೆಣ್ಣುಮಕ್ಕಳ ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಪೋಲೀಸು ಭರ್ತಿಯಲ್ಲಿ ಅವರಿಗೆ ೪೦೦ ಮೀಟರಿಗೆ ೨ ನಿಮಿಷಗಳ ಗಡುವಿದೆ. ಇಷ್ಟು ಸಡಿಲಾದ ಗಡುವು ಅವರ ದೇಹಶಕ್ತಿಯನ್ನು ಅಳೆದು ಇಟ್ಟದ್ದೆಂದು ನಾನು ನಂಬಲಾರೆನು; ನಾವು ಅವರನ್ನು ಎಷ್ಟು ವರ್ಷ ಅಂಗಳದಿಂದಾಚೆ ಓಡಗೊಡಲಿಲ್ಲವೆಂಬುದರ ಅಳತೆಯು ಅದು. ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗಿಯನ್ನು ಕಂಡು ಕಟ್ಟೆಯ ಮೇಲಿನ ಹಿರಿಯರು ಆಡುವ ಮಾತುಗಳು ಅವಳ ಹೆಜ್ಜೆಗೆ ಕಟ್ಟಿದ ಕಲ್ಲುಗಳೇ. ಆ ಭಾರವನ್ನು ಯಾವ ಗಡಿಯಾರವು ಲೆಕ್ಕ ಹಿಡಿಯುವದು?

ಅವಸರವು ಎಲ್ಲಿಗೆ ಒಯ್ಯುವದೆಂಬುದಕ್ಕೆ ಒಂದು ದುಃಖದ ಉದಾಹರಣೆಯುಂಟು. ೨೦೨೪ರ ಆಗಸ್ಟಿನಲ್ಲಿ ಝಾರಖಂಡ ರಾಜ್ಯದಲ್ಲಿ ಅಬಕಾರಿ ಶಿಪಾಯಿಗಳ ಭರ್ತಿಯು ನಡೆಯಿತು. ಗಂಡುಮಕ್ಕಳು ಹತ್ತು ಕಿಲೋಮೀಟರುಗಳನ್ನು ಅರವತ್ತು ನಿಮಿಷಗಳಲ್ಲಿ ಓಡಬೇಕಾಗಿತ್ತು. ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತರುಣರು ಆ ಓಟದಿಂದಾಗಿ ಪ್ರಾಣ ಬಿಟ್ಟರು. ಸೆಕೆಯೆಂದು ಕೆಲವರು, ವ್ಯವಸ್ಥೆಯ ಕೊರತೆಯೆಂದು ಕೆಲವರು, ಔಷಧಗಳೆಂದು ಕೆಲವರು ವಾದಿಸಿದರು. ಕಿಲೋಮೀಟರಿಗೆ ಆರು ನಿಮಿಷದಂತೆ ಓಡುವದು ಅಭ್ಯಾಸವುಳ್ಳ ತರುಣನಿಗೆ ದೊಡ್ಡದಲ್ಲ. ಅಭ್ಯಾಸವಿಲ್ಲದವನಿಗೆ, ಬಿಸಿಲಿನಲ್ಲಿ, ಮನೆಯ ಆಸೆಯನ್ನೆಲ್ಲ ಹೆಗಲ ಮೇಲೆ ಹೊತ್ತು ‘ನಿಲ್ಲಲಾರೆ’ನೆಂದು ಓಡುವವನಿಗೆ, ಅದು ಮೃತ್ಯುವಾಗಬಲ್ಲದು. ನಿಲ್ಲುವದಕ್ಕೆ ಬೇಕಾದ ಧೈರ್ಯವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಔಷಧಗಳ ಮಾತು ಬಂದದ್ದರಿಂದ ಹೇಳುವೆನು. ಜಗತ್ತಿನ ಉದ್ದೀಪನ ನಿರೋಧಕ ಸಂಸ್ಥೆಯು ೨೦೨೩ನೆಯ ವರ್ಷದ ಬಗ್ಗೆ ಕೊಟ್ಟ ಲೆಕ್ಕದಲ್ಲಿ, ಐದು ಸಾವಿರಕ್ಕೆ ಮೇಲ್ಪಟ್ಟು ಪರೀಕ್ಷೆಗಳನ್ನು ಮಾಡಿದ ದೇಶಗಳೊಳಗೆ ದೋಷವು ಕಂಡ ಪ್ರಮಾಣವು ಎಲ್ಲಕ್ಕೂ ಹೆಚ್ಚಾದದ್ದು ನಮ್ಮ ದೇಶದಲ್ಲಿಯೇ. ಅಸ್ತೇಯವನ್ನು ಯಮಗಳಲ್ಲಿ ಎಣಿಸಿದ ದೇಶದಲ್ಲಿ! ಸೂಜಿಯಿಂದ ವೇಗವನ್ನು ಪಡೆಯುವವನು ಎದುರಾಳಿಯದನ್ನು ಕದಿಯುವನೆಂದು ಎಲ್ಲರೂ ಹೇಳುವರು. ಅದು ಸತ್ಯವೇ, ಆದರೆ ಅವನು ಮೊದಲು ಕದಿಯುವದು ತನ್ನದನ್ನೇ. ಮುಂದಿನ ಹತ್ತು ವರ್ಷಗಳ ಹೃದಯವನ್ನು ಇಂದಿನ ಆರು ನಿಮಿಷಗಳಿಗಾಗಿ ಅಡವಿಡುವನು. ಅಪೂರ್ವವಿಲ್ಲದೆ ಫಲವನ್ನು ಬಯಸುವದೆಂದರೆ ಇದೇ.

ವೇಗವು ಯಾರದೆಂಬ ಪ್ರಶ್ನೆಗೆ ನಮ್ಮ ಕನ್ನಡ ನಾಡಿನಲ್ಲಿಯೇ ಒಂದು ಸ್ವಾರಸ್ಯವಾದ ಪ್ರಸಂಗವು ನಡೆದಿದೆ. ೨೦೨೦ರ ಫೆಬ್ರುವರಿ ಒಂದರಂದು ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರೆಂಬ ತರುಣರು ಕೋಣಗಳ ಸಂಗಡ ೧೪೨.೫ ಮೀಟರಿನ ಕೆಸರುಗದ್ದೆಯನ್ನು ೧೩.೬೨ ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿಯ ಲೆಕ್ಕವನ್ನು ಹಾಕಿ, ನೂರು ಮೀಟರಿಗೆ ೯.೫೫ ಸೆಕೆಂಡಾಯಿತು, ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟನು ೯.೫೮ರಲ್ಲಿ ಓಡಿದ್ದಕ್ಕಿಂತ ಇದು ಹೆಚ್ಚಿನದೆಂದು ಸಾರಿದರು. ದೇಶವೆಲ್ಲ ಗದ್ದಲವೆದ್ದಿತು. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಕರೆದರು. ಗೌಡರು ಮಾತ್ರ ಶಾಂತರಾಗಿ, ಕಂಬಳವೇ ಬೇರೆ ಓಟದ ಬಯಲೇ ಬೇರೆ, ಅಲ್ಲಿ ಹಿಮ್ಮಡಿಯೂರಿ ಓಡುವದು ಇಲ್ಲಿ ಕಾಲ್ಬೆರಳೂರಿ ಓಡುವದು, ತನ್ನ ಓಟದಲ್ಲಿ ಕೋಣಗಳದೂ ಪಾಲಿದೆ ಎಂಬರ್ಥದ ಮಾತನ್ನಾಡಿ, ಪರೀಕ್ಷೆಗೆ ಹೋಗಲೊಲ್ಲದೆ ತಮ್ಮ ಕಂಬಳಕ್ಕೇ ಮರಳಿದರು. ಎಷ್ಟು ಮಂದಿ ಇದನ್ನು ಅವಕಾಶ ಕಳೆದುಕೊಂಡ ಹಳ್ಳಿಗನ ಅಜ್ಞಾನವೆಂದು ನಕ್ಕರು! ನನಗಾದರೋ ಇದು ವಿವೇಕದ ಮಾತೆಂದು ತೋರುವದು. ತನ್ನದಲ್ಲದ ವೇಗವನ್ನು ತನ್ನದೆನ್ನಲೊಲ್ಲದವನು ತನ್ನದನ್ನು ಚೆನ್ನಾಗಿ ಬಲ್ಲವನೇ. ಅವರು ಕಂಬಳದಲ್ಲಿ ವರ್ಷಗಳಿಂದ ಪಳಗಿದವರು. ಅವರ ಅಭ್ಯಾಸವು ಯಾವ ವೇಗವನ್ನು ಕೊಟ್ಟಿತೋ ಅದು ಕೆಸರಿನಲ್ಲಿ, ಹಗ್ಗ ಹಿಡಿದು, ಎರಡು ಮೃಗಗಳ ಗತಿಗೆ ತನ್ನ ಗತಿಯನ್ನು ಹೊಂದಿಸುವ ವೇಗವು. ಅದನ್ನು ತ್ರೈರಾಶಿಯಿಂದ ಬೇರೊಂದಾಗಿ ಮಾರ್ಪಡಿಸಲಿಕ್ಕೆ ಬರುವದಿಲ್ಲ.

ತ್ರೈರಾಶಿಯಿಂದ ನಿಜವಾಗಿ ತಿಳಿಯುವದೂ ಕೆಲವುಂಟು. ನಮ್ಮ ನೆರೆಯ ಬೆಳಗಾವಿಯ ಫಡೆಪ್ಪಾ ದರೆಪ್ಪಾ ಚೌಗುಲೆಯವರ ಹೆಸರನ್ನು ಈಗಿನ ಹುಡುಗರು ಕೇಳಿರಲಿಕ್ಕಿಲ್ಲ. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನ ರೈತರು ಓಡಿದ್ದನ್ನು ನೋಡಿದ ಸರ್ ದೋರಾಬ್ಜಿ ಟಾಟಾ ಅವರಿಗೆ, ಯಾವ ಶಿಕ್ಷಣವೂ ಇಲ್ಲದ ಇವರ ಕಾಲಗಳು ಯುರೋಪಿನವರ ಕಾಲಗಳಿಗೆ ಬಹಳ ದೂರವಿಲ್ಲವೆಂದು ಹೊಳೆದು, ಮರುವರ್ಷ ಬೆಲ್ಜಿಯಮ್ಮಿನ ಆಂಟ್ವರ್ಪ್ ಪಟ್ಟಣದ ಒಲಿಂಪಿಕ್ಕಿಗೆ ಒಂದು ಚಿಕ್ಕ ತಂಡವನ್ನು ಕಳಿಸಲು ಏರ್ಪಾಡಾಯಿತು. ಚೌಗುಲೆಯವರು ಅಲ್ಲಿ ಮ್ಯಾರಥಾನ್ ಓಟವನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡಿಗೆ ಮುಗಿಸಿ ಹತ್ತೊಂಬತ್ತನೆಯವರಾದರು. ಗೆದ್ದವನು ಫಿನ್ಲಂಡಿನ ಕೊಲೆಹ್ಮೈನೆನ್ನನು. ಅವನಿಗೆ ಹಿಡಿದದ್ದು ೨ ಗಂಟೆ ೩೨ ನಿಮಿಷಕ್ಕೆ ಸ್ವಲ್ಪ ಹೆಚ್ಚು. ಆ ವರ್ಷದ ಹಾದಿಯು ೪೨ ಕಿಲೋಮೀಟರು ೭೫೦ ಮೀಟರು ಇದ್ದಿತು. ಲೆಕ್ಕ ಹಾಕಿದರೆ ಚೌಗುಲೆಯವರ ಗತಿಯು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೆ ತುಸು ಕಡಿಮೆ. ಇದನ್ನು ನಮ್ಮ ಹುಡುಗರ ೧,೬೦೦ ಮೀಟರಿಗೆ ಇಳಿಸಿದರೆ ಆರು ನಿಮಿಷ ಇಪ್ಪತ್ತುಮೂರು ಸೆಕೆಂಡಾಗುವದು. ಅಂದರೆ, ಇಂದು ಪೋಲೀಸು ಭರ್ತಿಗೆ ಒಂದು ಸಲ ಓಡಿ ಮುಟ್ಟಬೇಕಾದ ಗತಿಯನ್ನು ನೂರು ವರ್ಷಗಳ ಹಿಂದೆ ಬೆಳಗಾವಿಯ ಒಬ್ಬರು ನಡುವೆ ನಿಲ್ಲದೆ ಇಪ್ಪತ್ತಾರು ಸಲಕ್ಕೂ ಹೆಚ್ಚು ಮುಟ್ಟಿದರು. ಅವರಿಗೆ ಪದಕವು ಬರಲಿಲ್ಲ. ಹತ್ತೊಂಬತ್ತನೆಯವನಿಗೆ ಜಗತ್ತು ಮಾಲೆ ಹಾಕುವದಿಲ್ಲ. ಆದರೆ ಆ ಗತಿಯು ಸುಳ್ಳಾಯಿತೇ?

ಇಲ್ಲಿ ಪೂರ್ವಪಕ್ಷಿಯು ಎದ್ದು ಹೀಗೆನ್ನಬಹುದು: ‘ಗುರುಗಳೇ, ಇದೆಲ್ಲ ಹೊಟ್ಟೆ ತುಂಬಿದವರ ವೇದಾಂತವು. ನಾವು ಓಡುವದು ನೌಕರಿಗಾಗಿ. ನೌಕರಿ ಬರದಿದ್ದರೆ ಓಟವು ವ್ಯರ್ಥವೇ. ಗಣಪತಿಯು ತಾಯಿತಂದೆಗಳನ್ನು ಸುತ್ತು ಹಾಕಿ ಹಣ್ಣನ್ನು ಪಡೆದನು, ಲೋಕವನ್ನೆಲ್ಲ ಸುತ್ತಿ ಬಂದ ಷಣ್ಮುಖನಿಗೆ ಏನು ಬಂತು?’ ಈ ಕಥೆಯನ್ನು ಮೈಗಳ್ಳ ವಿದ್ಯಾರ್ಥಿಗಳೆಲ್ಲರೂ ಬಲ್ಲರೆಂಬುದನ್ನು ಮೂವತ್ತು ವರ್ಷ ಶಾಲೆಯಲ್ಲಿ ಕಂಡಿದ್ದೇನೆ! ಆದರೆ ಆಕ್ಷೇಪವು ಹಗುರಾದದ್ದಲ್ಲ. ಫಲದ ಆಸೆಯನ್ನು ಬಿಟ್ಟು ಓಡಿರೆಂದು ಹಸಿದವನಿಗೆ ಹೇಳುವದು ನಿರ್ದಯವಾದ ಮಾತು, ನಾನು ಹೇಳಲೊಲ್ಲೆನು. ಮೀಮಾಂಸಕರೂ ಹೇಳಲಿಲ್ಲ. ಅವರು ಕರ್ಮಗಳನ್ನು ನಿತ್ಯ, ಕಾಮ್ಯವೆಂದು ಬೇರ್ಪಡಿಸಿ, ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವನ್ನು ಒಂದು ಅಂಗವೂ ಊನವಾಗದಂತೆ ಮಾಡಬೇಕು, ಊನವಾದರೆ ಫಲವಿಲ್ಲವೆಂದೂ, ನಿತ್ಯವನ್ನಾದರೋ ಶಕ್ತಿಯಿದ್ದಷ್ಟು ಮಾಡಿದರೆ ಸಾಕೆಂದೂ ಹೇಳಿದರು. ಎಷ್ಟು ಯುಕ್ತವಾದ ವಿಂಗಡಣೆ! ನೌಕರಿಗಾಗಿ ಓಡುವವನು ಕಾಮ್ಯಕರ್ಮವನ್ನು ಮಾಡುವವನು. ಅವನಿಗೆ ನಿಧಾನದ ಓಟ, ನಿದ್ರೆ, ಆಹಾರ, ವಾರಕ್ಕೊಮ್ಮೆ ಗಡುವಿನ ಗತಿಯಲ್ಲಿ ನಾಲ್ಕುನೂರು ಮೀಟರುಗಳನ್ನು ನಡುನಡುವೆ ನಿಂತು ನಾಲ್ಕಾರು ಸಲ ಓಡುವದು, ಇವೆಲ್ಲವೂ ಅಂಗಗಳು. ಒಂದನ್ನೂ ಬಿಡುವಂತಿಲ್ಲ, ಅಡ್ಡಹಾದಿಯಿಲ್ಲ. ಫಲವನ್ನು ಬಯಸುವದು ದೋಷವಲ್ಲ. ಬಯಸಿ ಅಂಗಗಳನ್ನು ಬಿಡುವದು ದೋಷವು.

ಆದರೆ ಕಾಮ್ಯಕ್ಕೆ ಒಂದು ಕೊನೆಯುಂಟು. ಅಗ್ನಿಪಥ ಯೋಜನೆಯು ಬಂದಾಗ ಇಟ್ಟ ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೊಂದು; ಮೊದಲನೆಯ ವರ್ಷಕ್ಕೆ ಮಾತ್ರ ಇಪ್ಪತ್ತುಮೂರು. ಅದೂ ನಾಲ್ಕು ವರ್ಷದ ನೌಕರಿ. ಆ ಮೇಲೆ ನಾಲ್ವರಲ್ಲಿ ಒಬ್ಬನು ಉಳಿಯುವನು. ವಯಸ್ಸು ದಾಟಿದ ಮರುದಿನದಿಂದ ರಸ್ತೆಯ ಮೇಲೆ ಆ ಹುಡುಗನು ಕಾಣಿಸುವದಿಲ್ಲ. ಮೂರು ವರ್ಷ ಕಟ್ಟಿದ ಹೃದಯವು, ಕವಲೊಡೆದ ನಾಳಗಳು, ಗಟ್ಟಿಯಾದ ಎಲುಬು, ಎಲ್ಲವನ್ನೂ ಸೋತ ಜೂಜಿನ ಕವಡೆಗಳಂತೆ ಎಸೆದುಬಿಡುವನು. ಕೆಲವು ತಿಂಗಳುಗಳಲ್ಲಿ ದೇಹವು ಅದನ್ನೆಲ್ಲ ಮರೆಯುವದು. ಎರಡು ವರ್ಷದಲ್ಲಿ ಹೊಟ್ಟೆ ಬರುವದು, ಸರಾಯಿಯ ಅಂಗಡಿಯ ದಾರಿಯು ತಿಳಿಯುವದು. ನನ್ನ ಚಿಂತೆಯಿರುವದು ಇವನ ಬಗ್ಗೆಯೇ. ಗೆದ್ದವನನ್ನು ದಂಡು ನೋಡಿಕೊಳ್ಳುವದು. ಸೋತವನಿಗೆ ನಾವು ಏನು ಹೇ‍ಳಬೇಕು? ಕತ್ತಲಲ್ಲಿ ಉಣ್ಣುವಾಗ ಕೈ ತಾನಾಗಿ ಬಾಯಿಗೆ ಹೋದದ್ದನ್ನು ಕಂಡು ಅರ್ಜುನನು ಇರುಳಿನಲ್ಲಿಯೂ ಬಾಣ ಬಿಡಲು ಕಲಿತನೆಂದು ಆದಿಪರ್ವದಲ್ಲಿದೆ. ಆಗ ಅವನ ಮುಂದೆ ಯುದ್ಧವಿರಲಿಲ್ಲ, ಸ್ವಯಂವರವಿರಲಿಲ್ಲ, ನೋಡುವವರೂ ಇರಲಿಲ್ಲ. ಆ ಇರುಳಿನ ಅಭ್ಯಾಸವು ಯಾವ ಫಲಕ್ಕಾಗಿ ಎಂದು ಕೇಳಿದರೆ ಅರ್ಜುನನಿಗೂ ಉತ್ತರವು ಹೊಳೆಯುತ್ತಿರಲಿಲ್ಲ. ನೌಕರಿಯು ಕೊಡದಿದ್ದ ಮಾತ್ರಕ್ಕೆ ನೌಕರಿಯು ಕಸಿದುಕೊಂಡಂತಾಗುವದಿಲ್ಲ. ೫ ನಿಮಿಷ ೫೦ ಸೆಕೆಂಡು ಅವನದು. ಆರು ತಿಂಗಳ ಹಿಂದಿನ ೭ ನಿಮಿಷದಿಂದ ಅದನ್ನು ಇಳಿಸಿದವನು ಅವನೇ. ಕಾಮ್ಯವು ಮುಗಿದ ಮೇಲೆ ಅದು ನಿತ್ಯವಾಗಿ ಉಳಿಯಬಹುದು, ವಾರಕ್ಕೆ ನಾಲ್ಕು ದಿನ, ಶಕ್ತಿಯಿದ್ದಷ್ಟು. ಹಾಗೆ ಉಳಿದವರು ಇಲ್ಲದಿಲ್ಲ. ನಮ್ಮ ಊರಿನಲ್ಲಿ ವಯಸ್ಸು ದಾಟಿದ ಒಬ್ಬನು ಈಗ ಹೊಲವನ್ನು ನೋಡಿಕೊಂಡಿರುವನು; ಆದರೂ ಬೆಳಗಿನಲ್ಲಿ ಬಂದು ಚಿಕ್ಕವರ ಸಂಗಡ ಓಡುವನು, ಮೊದಲನೆಯ ಸುತ್ತಿನಲ್ಲಿ ಅವರ ಅಂಗಿ ಹಿಡಿದು ಹಿಂದೆಳೆಯುವನು. ಅವನಿಂದ ಅವರಿಗಾದ ಲಾಭವು ಯಾವ ತರಬೇತಿಯ ಶಾಲೆಯಿಂದಲೂ ಆದದ್ದಲ್ಲ.

ಕಡೆಗೆ ಒಂದು ಸಣ್ಣ ಬಿನ್ನಹ. ಈ ಹುಡುಗರು ಕಲ್ಲಿನಿಂದ ಕಲ್ಲಿಗೆ ಓಡುವರೆಂದೆನಷ್ಟೆ. ರಸ್ತೆಯು ಏರಿಳಿತದ್ದು, ವಾಹನಗಳೂ ಹೆಚ್ಚು, ನಾಲ್ಕುನೂರು ಮೀಟರೆಂದರೆ ಎಷ್ಟೆಂಬುದು ಅವರಿಗೆ ಅಂದಾಜಿನದೇ. ಹಳ್ಳಿಯ ಶಾಲೆಯ ಬಯಲನ್ನೋ ಕೆರೆಯ ಏರಿಯ ಕೆಳಗಿನ ಗಾಂವಠಾಣದ ಜಾಗವನ್ನೋ ಸರಪಳಿಯಿಂದ ಅಳೆದು, ಇನ್ನೂರು ಮೀಟರಿನ ಸುತ್ತೊಂದನ್ನು ಸುಣ್ಣದಿಂದ ಬರೆದು, ನಾಲ್ಕು ಗೂಟಗಳನ್ನು ನೆಟ್ಟರೆ ಆಗುವ ವೆಚ್ಚವು ಒಂದು ಜಾತ್ರೆಯ ಪಟಾಕಿಯ ವೆಚ್ಚಕ್ಕಿಂತ ಹೆಚ್ಚಾಗಲಾರದು. ನಮ್ಮ ಸಂಘದ ಸದಸ್ಯರಲ್ಲಿ ಭೂಮಾಪನದ ಕೆಲಸದಿಂದ ನಿವೃತ್ತರಾದವರು ಇಬ್ಬರು ಮೂವರು ಇರುವರು. ಮಳೆಗಾಲ ಮುಗಿದು ನೆಲವು ಗಟ್ಟಿಯಾದ ಮೇಲೆ, ದೀಪಾವಳಿಯ ಹೊತ್ತಿಗೆ, ಅವರಲ್ಲಿ ಒಬ್ಬರು ಟೇಪು ಹಿಡಿದು ಬರುವದಾದರೆ ಗೂಟಗಳನ್ನು ಬಡಿಯಲಿಕ್ಕೆ ಹುಡುಗರು ಇದ್ದಾರೆ, ಸುಣ್ಣವನ್ನು ನಾನು ತರಿಸಿಡುವೆನು.